ಒಂದು ತಂಬಿಗೆ ಮಳೆ

ನಮ್ಮ ಮನೆತನದಲ್ಲಿ ಯಾರೂ ಬಿ.ಎ. ಪಾಸಾಗುವುದು ಸಾಧ್ಯವಿಲ್ಲ ಎಂದು ಹೇಳಿದವರು ನಮ್ಮ ಅಪ್ಪ. ಮಳೆಯನ್ನು ಯಂತ್ರ ತಾನೇ ಅಳೆದು ತಾನೇ ಬೆಂಗಳೂರಿಗೆ ತಿಳಿಸುವುದು ಸಾಧ್ಯವಿಲ್ಲ ಎಂದು ಹೇಳಿದವನು ನಾನು. ಅಪ್ಪನ ಮಾತನ್ನು ಸುಳ್ಳು ಮಾಡಲು ನನಗೆ ಏಳು ವರ್ಷ ಹಿಡಿಯಿತು. ಇಂಗ್ಲಿಷ್ ಒಂದೇ ನನ್ನನ್ನು ಮೂರು ಸಲ ಕೆಡವಿತು. ನನ್ನ ಮಾತನ್ನು ಸುಳ್ಳು ಮಾಡಲು ಆ ಯಂತ್ರಕ್ಕೆ ಒಂದು ಬೆಳಗು ಸಾಕಾಯಿತು. ಮುಂದಾಗುವುದನ್ನು ಹೇಳುವ ವಿಷಯದಲ್ಲಿ ತಂದೆ ಮಗ ಇಬ್ಬರದೂ ಒಂದೇ ಕೈಗುಣ.

ನಾವು ಪಿಂಜಾರರು, ಗಜೇಂದ್ರಗಡದವರು. ಅಪ್ಪ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಜಕ್ಕಲಿಯವರೆಗೂ ಹೋಗಿ, ಯಾರದೋ ಪಡಸಾಲೆಯಲ್ಲಿ ಕೂತು, ಮೂಗಿಗೆ ವಸ್ತ್ರ ಕಟ್ಟಿಕೊಂಡು ಟುಯ್ ಟುಯ್ ಎಂದು ಬಿಲ್ಲು ಮೀಟಿ ಗಾದಿ ತುಂಬಿಕೊಡುತ್ತಿದ್ದರು. ಅವರು ಹಿಂಜಿದ ಹತ್ತಿಯ ಗಾದಿಯ ಮೇಲೆ ಮಲಗಿದವರು ಎರಡು ಕೋಳಿ ಕೂಗಿದರೂ ಏಳುತ್ತಿರಲಿಲ್ಲ ಎಂಬುದು ಅವರ ಹೆಮ್ಮೆ. ಕರೆಂಟಿನ ಹಿಂಜುವ ಮಷೀನು ಬಸ್ ಸ್ಟ್ಯಾಂಡಿನ ಹಿಂದೆ ಬಂದ ವರ್ಷ ಬಿಲ್ಲು ನಮ್ಮ ಮನೆಯ ತೊಲೆಗೆ ಏರಿತು. ಅಪ್ಪ ಅದೇ ಮಷೀನಿನ ಬಾಯಿಗೆ ಹತ್ತಿ ತುಂಬುವ ಕೆಲಸಕ್ಕೆ ಸೇರಿದರು. ಅದನ್ನು ಕಣ್ಣಾರೆ ಕಂಡ ನಾನು ಒಂದು ತೀರ್ಮಾನಕ್ಕೆ ಬಂದೆ: ಯಂತ್ರ ಮುಟ್ಟುವುದು ಕೈಯ ಕೆಲಸವನ್ನು, ತಲೆಯ ಕೆಲಸವನ್ನಲ್ಲ. ಹಾಗಾಗಿ ತಲೆಯ ಕಡೆಯಿಂದ ಬದುಕಬೇಕು. ಮೂರು ಸಲ ಬಿದ್ದರೂ ನಾಲ್ಕನೆಯ ಸಲ ಪರೀಕ್ಷೆಗೆ ಕೂತದ್ದು ವಿದ್ಯೆಯ ಮೇಲಿನ ಪ್ರೀತಿಯಿಂದ ಎಂದು ನಾನು ಅಲ್ಲಲ್ಲಿ ಭಾಷಣ ಮಾಡಿದ್ದುಂಟು. ಖರೇ ಹೇಳಬೇಕೆಂದರೆ ಅದು ಆ ಮಷೀನಿನ ಹೆದರಿಕೆ.

ಆ ಹೆದರಿಕೆ ನನಗೆ ರೋಣದಲ್ಲಿ ಒಂದು ನೌಕರಿ ಕೊಡಿಸಿತು. ಕಚೇರಿಯ ಹೆಸರು ಬೇಡ, ಅಲ್ಲಿಯವರು ಈಗಲೂ ನನಗೆ ಚಹಾ ಕುಡಿಸುತ್ತಾರೆ. ಕೆಲಸ ಕಾಯಂ ಅಲ್ಲ. ವರ್ಷಕ್ಕೊಮ್ಮೆ ಆದೇಶ ಬರಬೇಕು, ಬಂದರೆ ಮುಂದಿನ ವರ್ಷದವರೆಗೆ ಉಸಿರು. ಇದ್ದ ಕೆಲಸವಾದರೂ ಏನು? ಹಿತ್ತಲಲ್ಲಿ ನೆಟ್ಟಿದ್ದ ಮಳೆಮಾಪಕದ ಹತ್ತಿರ ದಿನಾ ಬೆಳಿಗ್ಗೆ ಎಂಟೂವರೆಗೆ ಹೋಗಬೇಕು. ಅದರೊಳಗಿನ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಗೆರೆ ನೋಡಿ, ಎಷ್ಟು ಮಿಲಿಮೀಟರ್ ಎಂದು ರಿಜಿಸ್ಟರಿನಲ್ಲಿ ಬರೆದು, ಜಿಲ್ಲೆಗೆ ಫೋನು ಮಾಡಬೇಕು. ಮಳೆ ಇಲ್ಲದ ದಿನ "ನಿರಂಕ" ಎಂದು ಬರೆಯಬೇಕು. ನಮ್ಮ ಕಡೆಯ ಆಕಾಶ ಗೊತ್ತಿದ್ದವರಿಗೆ ನಾನು ವರ್ಷವಿಡೀ ಏನು ಬರೆಯುತ್ತಿದ್ದೆ ಎಂದು ಬೇರೆ ಹೇಳಬೇಕಿಲ್ಲ. ನನ್ನ ಅಕ್ಷರ ಚಂದ. ನಿ-ಗೆ ಒಂದು ಗುಂಡನೆಯ ಗುಡಿಸು, ಕ-ಕ್ಕೆ ಒಂದು ಬಾಗು. ಆ ರಿಜಿಸ್ಟರು ನೋಡಿದ ಸಾಹೇಬರು, ಇಷ್ಟು ಅಂದವಾಗಿ ಬರ ಬಿದ್ದದ್ದನ್ನು ಎಲ್ಲೂ ಕಂಡಿಲ್ಲ ಎಂದಿದ್ದರು. ಅಪ್ಪನಿಗೆ ಮಾತ್ರ ಇದು ತಿಳಿಯಲೇ ಇಲ್ಲ. ಏನೂ ಇಲ್ಲ ಎಂದು ಬರೆಯುವುದಕ್ಕೂ ಪಗಾರ ಕೊಡುತ್ತಾರೆಂದರೆ, ಏನಾದರೂ ಇದೆ ಎಂದು ಬರೆಯುವವರಿಗೆ ಎಷ್ಟು ಕೊಡಬಹುದು ಎಂದು ಓಣಿಯವರನ್ನು ಕೇಳುತ್ತಿದ್ದರಂತೆ.

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ. ಎಂಟೂವರೆ ಎಂದೆನಲ್ಲ, ಅದು ನನ್ನ ಎಂಟೂವರೆ. ಗಡಿಯಾರದ ಪ್ರಕಾರ ಅದು ಒಂಬತ್ತಕ್ಕೋ ಒಂಬತ್ತೂಕಾಲಿಗೋ ಬರುತ್ತಿತ್ತು. ಬಾಟಲಿಯ ನೀರು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

ಹೀಗಿರುವಾಗ ನರಗುಂದದಿಂದ ಒಂದು ದಿನ ಫೋನು ಬಂತು. ಅಲ್ಲಿ ನನ್ನಂತೆಯೇ ಮಳೆ ಅಳೆಯುವವರೊಬ್ಬರಿದ್ದರು, ಹೂಗಾರರು ಎಂದು. ದನಿ ತಗ್ಗಿಸಿ, "ನಿಮ್ಮಲ್ಲಿ ಬಂತೇನ್ರಿ?" ಎಂದರು. ಏನು ಎಂದು ಕೇಳಿದರೆ ಹೆಸರು ಹೇಳಲೊಲ್ಲರು, ಮನೆಗೆ ಹಾವು ಬಂದಾಗ ಹೆಸರು ಹೇಳುವುದಿಲ್ಲವಲ್ಲ, ಹಾಗೆ. ಅವರಲ್ಲಿ ಒಂದು ಕಂಬ ನೆಟ್ಟಿದ್ದಾರೆ, ಅದರ ಮೇಲೆ ಮಳೆ ಹಿಡಿಯುವ ಬಾಯಿ, ಬಿಸಿಲಿನಿಂದ ಕರೆಂಟು ಮಾಡುವ ಹಲಗೆ, ಹೊಟ್ಟೆಯಲ್ಲಿ ಬಿದ್ದ ನೀರನ್ನು ಟಕ್ ಟಕ್ ಎಂದು ಎಣಿಸುವ ಸೌಟು, ಒಂದು ಸಿಮ್ ಕಾರ್ಡು. ಕಾಲು ತಾಸಿಗೊಮ್ಮೆ ಅದು ತಾನೇ ಬೆಂಗಳೂರಿಗೆ ಸುದ್ದಿ ಮುಟ್ಟಿಸುತ್ತದೆ. ಮುಟ್ಟಿಸಿದ್ದು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಹೂಗಾರರನ್ನು ಈಗ ಟಪಾಲು ಲಕೋಟೆಗೆ ಅಂಟು ಹಚ್ಚಲು ಕೂರಿಸಿದ್ದಾರೆ. ಆದೇಶ ಮುಂದಿನ ವರ್ಷ ಬರುತ್ತದೋ ಇಲ್ಲವೋ. ನಾನು ನಕ್ಕು, ಅದೆಲ್ಲ ನಮ್ಮ ಧೂಳಿನಲ್ಲಿ ನಡೆಯುವ ಮಾತಲ್ಲ, ಸಾಧ್ಯವೇ ಇಲ್ಲ ಎಂದೆ. ಮುಂದಿನ ಸೋಮವಾರ ನಮ್ಮ ಹಿತ್ತಲಲ್ಲಿ ಕುಣಿ ತೋಡುತ್ತಿದ್ದರು.

ಆಗಿನ್ನೂ ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ನಮ್ಮ ಕಚೇರಿಯಲ್ಲಿ ಸ್ವಂತ ಫೋನ್ ನಂಬರು ನನಗಿಂತ ಮೊದಲು ಆ ಕಂಬಕ್ಕೆ ಸಿಕ್ಕಿತು. ಅಂದಿನಿಂದ ನನ್ನ ಎಂಟೂವರೆ ಗಡಿಯಾರದ ಎಂಟೂವರೆಗೆ ಬಂದು ನಿಂತಿತು. ನನ್ನ ಬಾಟಲಿ ನೋಡಲು ಹೋಗಿ ಕಂಬದ ಹತ್ತಿರ ನಿಂತಾಗ ಅದರ ಒಳಗಿಂದ ಟಕ್ ಎಂದರೂ ಬೆಚ್ಚುತ್ತಿದ್ದೆ. ನಾನು ಬಂದದ್ದನ್ನು ಬೆಂಗಳೂರಿಗೆ ಹೇಳಿತೇ ಎಂದು. ಅದಕ್ಕೆ ರಜೆ ಇಲ್ಲ, ಜ್ವರವಿಲ್ಲ, ಇಂಗ್ಲಿಷ್‌ನಲ್ಲಿ ಬಿದ್ದ ನಾಚಿಕೆ ಇಲ್ಲ. ಅಷ್ಟರಲ್ಲಿ ಬಸ್ಸಿನ ಕಂಡಕ್ಟರನ ಕೈಗೂ ಟಿಕೆಟು ಕೊಡುವ ಯಂತ್ರ ಬಂತು, ಕಚೇರಿಯ ಬಾಗಿಲಿಗೆ ಹೆಬ್ಬೆರಳು ಕೇಳುವ ಯಂತ್ರ ಬರುತ್ತದಂತೆ ಎಂಬ ಸುದ್ದಿಯೂ ಬಂತು. ಹೆಬ್ಬೆಟ್ಟು ಒತ್ತುವುದನ್ನು ಬಿಡಿಸಲೆಂದೇ ಅಪ್ಪನಿಗೆ ಸಹಿ ಕಲಿಸಿದ್ದೆ, ಈಗ ಬಿ.ಎ. ಆದವನು ಹೆಬ್ಬೆಟ್ಟು ಒತ್ತಬೇಕು.

ಆ ಯಂತ್ರ ಕೆಡಲಿ ಎಂದು ನಾನು ಬೇಡಿಕೊಳ್ಳಲಿಲ್ಲ ಎಂದರೆ ನೀವು ನಂಬುವುದಿಲ್ಲ. ಆದರೆ ಹೆದರಿದವನು ಬಯ್ಯುವುದಕ್ಕಿಂತ ಹೆಚ್ಚಾಗಿ ಪೂಸಿ ಹೊಡೆಯುತ್ತಾನೆ. ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಕಚೇರಿ ರಜೆ; ಆದ್ದರಿಂದ ಹಿಂದಿನ ದಿನವೇ ಟೈಪ್‌ರೈಟರು, ಜೀಪು, ಕಪಾಟುಗಳಿಗೆಲ್ಲ ಪೂಜೆ. ನಮ್ಮ ಜವಾನ ಯಲ್ಲಪ್ಪಣ್ಣನಿಗೆ ಪೆನ್ಷನ್ನಿಗೆ ಎಂಟು ತಿಂಗಳು ಉಳಿದಿತ್ತು. ಅವನು ಎಲ್ಲ ಮುಗಿಸಿ ತಟ್ಟೆ ಎತ್ತಿಡುವಾಗ ನಾನೇ ಕರೆದು, ಹಿತ್ತಲಿನ ಆ ದೊಡ್ಡವರನ್ನು ಮರೆಯಬೇಡ ಎಂದೆ. ಯಲ್ಲಪ್ಪಣ್ಣ ತಂಬಿಗೆ ತುಂಬಿಕೊಂಡು ಬಂದು ನಿಂತ.

"ಮೈಗಷ್ಟ ಹಾಕ್ಲ್ಯೋ, ತೆಲಿಮ್ಯಾಲ ಹಾಕ್ಲ್ಯೋ?"

"ತೆಲಿಮ್ಯಾಲನ ಹಾಕಪಾ ಯಲ್ಲಪ್ಪಣ್ಣ. ತಂಪಾಗಿರಲಿ."

ಅವನು ಧಾರಾಳಿ. ತಂಬಿಗೆಯನ್ನು ಪೂರ್ತಿ ಅದರ ಬಾಯಿಗೇ ಬಗ್ಗಿಸಿದ. ಒಳಗೆ ಟಕ್ ಟಕ್ ಟಕ್ ಎಂದು ಬಹಳ ಹೊತ್ತು ಸಪ್ಪಳವಾಯಿತು. ಯಂತ್ರಕ್ಕೆ ಸಂತೋಷವಾಯಿತೆಂದು ನನಗೂ ಸಂತೋಷವಾಯಿತು.

ಕಾಲು ತಾಸಿನೊಳಗೆ ಬೆಂಗಳೂರಿನಿಂದ ಸಾಹೇಬರಿಗೆ ಫೋನು. ರೋಣದಲ್ಲಿ ಎರಡು ನಿಮಿಷಕ್ಕೆ ನಲವತ್ತೆಂಟು ಮಿಲಿಮೀಟರ್ ಮಳೆ ಹೊಡೆದಿದೆ, ಎಷ್ಟು ಮನೆ ಬಿದ್ದಿವೆ, ಹೊಳೆಆಲೂರಿನವರಿಗೆ ತಿಳಿಸಿದಿರಾ? ಸಾಹೇಬರು ಕಿಟಕಿಯಿಂದ ನೋಡಿದರು. ಬಿಸಿಲಿಗೆ ಜೀಪಿನ ಮೇಲಿನ ಚೆಂಡುಹೂವು ಬಾಡುತ್ತಿತ್ತು. ಅಷ್ಟರಲ್ಲಿ ಸುದ್ದಿ ಯಾವ ದಾರಿಯಲ್ಲೋ ಹೊಳೆಆಲೂರು ಮುಟ್ಟಿ, ಅಲ್ಲಿಯ ಜನ ದಂಡೆಗೆ ಬಂದು ನಿಂತು, ಮೊಣಕಾಲುದ್ದದ ಮಲಪ್ರಭೆಯನ್ನು ಹೆದರಿಕೆಯಿಂದ ನೋಡುತ್ತಿದ್ದರಂತೆ. ಕೆಲವರು ದನ ಬಿಚ್ಚಿಕೊಂಡು ದಿನ್ನೆ ಹತ್ತಿದ್ದರಂತೆ. ಇದನ್ನು ಕೇಳಿದಾಗ ಮಾತ್ರ ನನಗೆ ನಗು ಬರಲಿಲ್ಲ.

ಸಾಹೇಬರು ನನ್ನನ್ನು ಕರೆಸಿ ಹೇಳಿದ್ದಿಷ್ಟು: ಯಂತ್ರ ಹೇಳಿದ್ದನ್ನು ಅಳಿಸಲು ಬೆಂಗಳೂರಿನವರಿಗೆ ಒಬ್ಬ ಮನುಷ್ಯನ ಸಹಿ ಬೇಕು. ಮಳೆ ಆಯಿತೋ ಇಲ್ಲವೋ, ಯಂತ್ರ ಸರಿಯಿದೆಯೋ ಕೆಟ್ಟಿದೆಯೋ ಎಂದು ಪ್ರಮಾಣಪತ್ರ ಬರೆದುಕೊಡಬೇಕು. ಕೆಟ್ಟಿದೆ ಎಂದರೆ ಅದನ್ನು ಕಿತ್ತೊಯ್ಯುತ್ತಾರೆ, ಮೊದಲಿನಂತೆ ಬಾಟಲಿ, ಗಾಜು, ನಾನು. ಸಾಹೇಬರಿಗೆ ತಂಬಿಗೆಯ ಸಂಗತಿ ಗೊತ್ತಿರಲಿಲ್ಲ. "ನಿಮ್ಮ ಕೈಯಾಗ ಐತಿ ನೋಡ್ರಿ" ಎಂದರು, ಪಾಪ, ನನ್ನ ಒಳ್ಳೆಯದಕ್ಕೇ.

ಹಾಳೆ ತೆಗೆದುಕೊಂಡು ಕೂತೆ. ಚಂದದ ಅಕ್ಷರದಲ್ಲಿ ಬರೆದೆ: ಈ ದಿನದ ಮಳೆ ನಿರಂಕ. ಮಳೆ ಇಲ್ಲದಿದ್ದರೂ ಯಂತ್ರವು ಮಳೆ ಎಂದು ಎಣಿಸಿದೆ. ನೋಡಿ, ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಏಳು ವರ್ಷ ಓದಿದ್ದು ಇಷ್ಟಕ್ಕಾದರೂ ಬಂತು. ಸಹಿ ಮಾಡಬೇಕು, ಪೆನ್ನು ಏಳಲಿಲ್ಲ. ಹೊರಗೆ ಬೇವಿನ ಕಟ್ಟೆಯ ಮೇಲೆ ಅಪ್ಪ ಕೂತಿದ್ದರು. ಹಬ್ಬದ ರಜೆಗೆ ನನ್ನನ್ನು ಗಜೇಂದ್ರಗಡಕ್ಕೆ ಕರೆದೊಯ್ಯಲು ಬೆಳಿಗ್ಗೆಯೇ ಬಂದು, ನಡೆದದ್ದನ್ನೆಲ್ಲ ನೋಡಿದ್ದರು. ಅವರ ಪಕ್ಕ ಹೋಗಿ ಕೂತು ಹಾಳೆಯನ್ನು ಓದಿ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಕೆಮ್ಮಿದರು. ಅದು ಮಷೀನಿನ ಹತ್ತಿಯ ಧೂಳು ಕೊಟ್ಟ ಕೆಮ್ಮು.

"ಅದು ತಪ್ಪು ಎಣಿಸ್ತೇನು?"

"ಇಲ್ಲಪಾ. ಬಿದ್ದಷ್ಟನ್ನ ಎಣಿಸೇತಿ."

"ನಾನೂ ಆವಾಗ ಆ ಮಷೀನ ಹತ್ತಿ ಕೆಡಸತೈತಿ ಅಂತ ಊರೆಲ್ಲಾ ಹೇಳಕೋಂತ ತಿರಗಿದ್ದೆ" ಎಂದರು ಅಪ್ಪ. "ಚಲೋನ ಹಿಂಜತಿತ್ತು."

ಅವರು ಬೈದಿದ್ದರೆ ಜಗಳವಾಡಬಹುದಿತ್ತು. ನಾನು ಒಳಗೆ ಹೋಗಿ ಹೊಸ ಹಾಳೆ ತೆಗೆದೆ. ಮಳೆ ನಿರಂಕ, ನನ್ನ ಮಾತಿನ ಮೇರೆಗೆ ಪೂಜೆಗಾಗಿ ಒಂದು ತಂಬಿಗೆ ನೀರು ಹಾಕಿಸಲಾಗಿದೆ, ಯಂತ್ರ ಸರಿಯಿದೆ. ಯಲ್ಲಪ್ಪಣ್ಣನ ಹೆಸರು ಬರೆಯಲಿಲ್ಲ. ಈ ಸಲ ನಿರಂಕದ ಗುಡಿಸು ಗುಂಡಗೆ ಬರಲಿಲ್ಲ. ಸಾಹೇಬರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು, ಕನ್ನಡಕ ತೆಗೆದರು, ಮುಂದಿನ ಆದೇಶದ ಬಗ್ಗೆ ನಾನು ಕೇಳುವ ಮೊದಲೇ "ನೋಡೂನ್ರಿ" ಎಂದರು. ಕಚೇರಿಯಲ್ಲಿ ಆ ಮಾತಿಗೆ ಎಷ್ಟು ಅರ್ಥಗಳಿವೆ ಎಂದು ನನಗೆ ಗೊತ್ತಿತ್ತು, ಒಂದೂ ಚಲೋದಲ್ಲ.

ಗಜೇಂದ್ರಗಡದ ಬಸ್ಸಿನಲ್ಲಿ ಕಂಡಕ್ಟರನ ಯಂತ್ರ ಎರಡು ಟಿಕೆಟು ಉಗುಳಿತು. ಅಪ್ಪ ಅವನ್ನು ತಿರುಗಿಸಿ ತಿರುಗಿಸಿ ನೋಡಿದರು. ಊರ ಗುಡ್ಡ ಕಾಣಿಸಿದ ಮೇಲೆ ಹೇಳಿದರು: "ಬಿಲ್ಲು ಇನ್ನೂ ತೊಲಿಗೆ ಐತಿ. ತಂತಿ ಅಷ್ಟ ಹೊಸಾದು ಹಾಕಸಬೇಕು. ಆದ್ರ ನಿನಗ ಹಿಂಜೂದು ಬರೂದು ಸಾಧ್ಯ ಇಲ್ಲ ಬಿಡು."