ಚೀನೀ ಕ್ಯಾಲೆಂಡರಿನ ಅಮಾವಾಸ್ಯೆ

ಇಂಚೋನ್ ಊರಿನ ಬೊನ್‌ಸಿಕ್‌ಗೆ ಇದ್ದದ್ದು ಒಂದೇ ಕೊರಗು. ಪ್ರತಿ ಚಾಂದ್ರಮಾನ ಹೊಸವರ್ಷಕ್ಕೂ ಅವನು ಸುವೋನ್ ಊರಲ್ಲಿದ್ದ ಅಣ್ಣನ ಮನೆ ತಲುಪುವಷ್ಟರಲ್ಲಿ ಹಿರಿಯರ ಪೂಜೆ ಮುಗಿದು, ಅಕ್ಕಿಬಿಲ್ಲೆಯ ಸಾರು ಆರಿರುತ್ತಿತ್ತು. ಅಣ್ಣ ಮಾತ್ರ ಕಾದಿರುತ್ತಿದ್ದ. (ಎರಡೂ ಅರ್ಥದಲ್ಲಿ.) ಹೆಂಡತಿ ಮಾಲ್‌ಸುನ್ ಹಿಂದಿನ ದಿನವೇ ಹೋಗಿ ಅತ್ತಿಗೆಯ ಜೊತೆ ಒಲೆಮುಂದೆ ಬೇಯುತ್ತಿದ್ದಳು. ಈ ಮಹಾನುಭಾವ ಮನೆಯಲ್ಲಿ, ಅಡಿಯಿಂದ ಕಾವು ಕೊಟ್ಟ ಬೆಚ್ಚನೆ ನೆಲಕ್ಕೆ ಅಂಟಿಕೊಂಡು ಕನಸು ಕಾಣುತ್ತಿದ್ದ.

ಈ ಸಲ ಹಾಗಾಗಬಾರದೆಂದು, ನೂಡಲ್ಸ್ ಅಂಗಡಿಯ ಚೀನೀಯ ಪುಕ್ಕಟೆ ಕೊಟ್ಟ ಕ್ಯಾಲೆಂಡರಿನಲ್ಲಿ ಹಬ್ಬಕ್ಕೆ ಗುರುತು ಹಾಕಿ, ಅಂದು ಬೆಳಗಾಗುವ ಮೊದಲೇ ರೇಷ್ಮೆ ಅಂಗಿ ತೊಟ್ಟು ನಿಂತ.

"ಏನೇ, ನೀನಿನ್ನೂ ಹೋಗೇ ಇಲ್ವಾ?"

ಮಾಲ್‌ಸುನ್ ಕ್ಯಾಲೆಂಡರ್ ನೋಡಿದಳು, ಗಂಡನನ್ನು ನೋಡಿದಳು. ಹೊದಿಕೆ ಎಳೆದುಕೊಂಡಳು. "ಈ ಸಲ ನೀವೇ ಮುಂದೆ ಹೋಗ್ರೀ. ನಾನು ಆಮೇಲೆ ಬರ್ತೀನಿ."

ಬಸ್ಸಿನ ಕಿಟಕಿಯಾಚೆ ಹಿಮವೂ ತೂಕಡಿಸುತ್ತ ಇಳಿಯುತ್ತಿತ್ತು. ಬೊನ್‌ಸಿಕ್ ಕಣ್ಣುಮುಚ್ಚಿದ. ನೂಲಿನಷ್ಟು ಸವೆದ ಚಂದ್ರನ ಮೇಲೆ ತಾತ ಮುತ್ತಾತಂದಿರು ಟೋಪಿ ಹಾಕಿಕೊಂಡು ಕುಳಿತಿದ್ದರು. "ಬಾ ಮಗು, ನೀನೇ ಮೊದಲು ಬಂದೆ!" ಎಂದು ಒತ್ತರಿಸಿ ಜಾಗ ಮಾಡಿಕೊಟ್ಟರು. ಚಂದ್ರ ಮೆಲ್ಲಗೆ ಆರಿಹೋದ.

ಅಣ್ಣನ ಮನೆಯಲ್ಲಿ ಅತ್ತಿಗೆ ಕಾವಲಿಯ ಮುಂದೆ ಕುಳಿತು ಮೀನಿನ ತುಂಡು ಮೊಟ್ಟೆಯಲ್ಲಿ ಅದ್ದುತ್ತಿದ್ದಳು.

"ಅಯ್ಯೋ ಮೈದುನರೇ, ಹಬ್ಬ ನಾಳೆ!"

"ಹೇಗೆ ನಾಳೆ? ಅಮಾವಾಸ್ಯೆ ಇವತ್ತು!"

ಮಾರುಕಟ್ಟೆಯಿಂದ ಬಂದ ಅಣ್ಣ ಕೈಚೀಲ ಇಳಿಸಿದ. "ಚಂದ್ರ ಒಬ್ಬನೇ ಕಣೋ, ಗಡಿಯಾರ ಎರಡು. ಚೀನಾದ್ದು ನಮಗಿಂತ ಒಂದು ಗಂಟೆ ಹಿಂದೆ. ಇವತ್ತು ಅಲ್ಲಿ ನಡುರಾತ್ರಿ ಆಗೋಕ್ಕೆ ಮುಂಚೆ ಅಮಾವಾಸ್ಯೆ ಕೂಡುತ್ತೆ. ಇಲ್ಲಿ ಅಷ್ಟೊತ್ತಿಗೆ ತಾರೀಖೇ ತಿರುಗಿರುತ್ತೆ. ಅಮಾವಾಸ್ಯೆ ಯಾವ ತಾರೀಖಿಗೋ ಹಬ್ಬ ಆವತ್ತು."

"ಹಾಗಾದ್ರೆ ನಾನು ಮನೆಗೆ ಹೋಗಿ..."

"ಎಲ್ಲಿಗೆ?" ಅತ್ತಿಗೆ ಏಪ್ರನ್ ಎಸೆದಳು. "ನಿಮ್ಮಾಕೆ ಆಗ್ಲೇ ಫೋನ್ ಮಾಡಿದ್ಲು. 'ಅಕ್ಕಾ, ನನ್ನ ಬದಲಿಗೆ ಅವರನ್ನ ಕಳಿಸಿದೀನಿ' ಅಂತ."

ರೇಷ್ಮೆಯ ಮೇಲೆ ಏಪ್ರನ್ ಏರಿತು. ಬೊನ್‌ಸಿಕ್ ಮೀನು ಮಗುಚಿದ, ಮಾಂಸದುಂಡೆ ಕಟ್ಟಿದ, ಮೂಲಂಗಿ ಹೆಚ್ಚಿದ, ಜೊತೆಗೆ ಒಂದು ಬೆರಳನ್ನೂ ಹೆಚ್ಚಿಕೊಂಡ. ಕುಳಿತರೆ ಅತ್ತಿಗೆ ಈರುಳ್ಳಿ ತೋರಿಸುತ್ತಿದ್ದಳು. ಮಾಲ್‌ಸುನ್ ವರ್ಷವರ್ಷವೂ ಹಬ್ಬದ ದಿನ ಸೊಂಟ ಹಿಡಿದುಕೊಂಡೇ ನಡೆಯುತ್ತಿದ್ದದ್ದು ಅವನಿಗೆ ಆಗ ಮೊದಲ ಬಾರಿ ನೆನಪಾಯಿತು.

ಮರುದಿನ ಬೆಳಿಗ್ಗೆ ನಿದ್ದೆ ತುಂಬಿದ ನುಣುಪು ಕೆನ್ನೆಗಳೊಡನೆ ಮಾಲ್‌ಸುನ್ ಬಂದಳು. ಪೂಜೆ ಸಾಂಗವಾಗಿ ನಡೆಯಿತು. ಎಲ್ಲರೂ ಹಿರಿಯರಿಗೆ ಅಡ್ಡಬಿದ್ದು ಎದ್ದರು. ಬೊನ್‌ಸಿಕ್‌ನ ಹಣೆ ಮಾತ್ರ ಬೆಚ್ಚನೆ ನೆಲ ಬಿಟ್ಟು ಮೇಲೇಳಲಿಲ್ಲ.

ಅಣ್ಣನ ಕಣ್ಣು ತುಂಬಿತು. "ನೋಡಿದ್ರಾ? ನನ್ನ ತಮ್ಮನಿಗೆ ಎಂಥ ಭಕ್ತಿ!"

ಅಷ್ಟರಲ್ಲಿ ಭಕ್ತಿಯೊಳಗಿಂದ ಗೊರಕೆ ಹೊರಟಿತು.

ಅಣ್ಣ ಭುಜ ಅಲುಗಿಸಲು ಬಾಗಿದ. ಮಾಲ್‌ಸುನ್ ತಡೆದಳು.

"ಇರ್ಲಿ ಬಿಡಿ ಭಾವ. ಪಾಪ, ಅವರ ಹಬ್ಬ ನಿನ್ನೆನೇ ಆಗೋಯ್ತು."