ಯಾರಿಂದ ಭಯ

ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲೇ ಬೀಗದವನು ಮಾಡಿಕೊಟ್ಟಿದ್ದ ಕೀಲಿಕೈ ಮೂರನೆಯ ಸಲ ವಾಪಸ್ ಬಂತು. ಗಿರಾಕಿ ಅದನ್ನು ಸತ್ತ ಜಿರಲೆಯ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದ.

"ಇದೇನು ಕೀಲಿಕೈಯೋ, ಮುರುಕು ಬಾಚಣಿಗೆಯೋ? ಬೇರೆ ಕಡೆ ಮಾಡಿಸ್ಕೋತೀನಿ ಬಿಡಪ್ಪ."

ತಪ್ಪು ಕೀಲಿಕೈ ಉಜ್ಜುವ ಅರದ್ದಲ್ಲ, ಕೈಯದು. ಎರಡು ತಿಂಗಳ ಹಿಂದೆ ಕಳ್ಳನೊಬ್ಬ ಹಿಂದಿನ ಕಿಟಕಿ ಮುರಿದು ಒಳಗೆ ಬಂದು, ಬೀಗದವನದೇ ಸುತ್ತಿಗೆಯಿಂದ ಅವನ ತಲೆಗೆ ಬಾರಿಸಿ ಹೋಗಿದ್ದ. ಗಾಯ ಮಾಯಿತು, ಕೈ ನಡುಕ ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ಕಿಟಕಿಯ ಸದ್ದು. ನಿದ್ದೆಗೆಟ್ಟ ಕೈ ಅರ ಹಿಡಿಯದು. ಅರ ಹಿಡಿಯದಿದ್ದರೆ ಮನೆಯಲ್ಲಿ ಒಲೆ ಉರಿಯದು. ದಿಂಬಿನ ಕೆಳಗೊಂದು ಪಿಸ್ತೂಲಿದ್ದರೆ ನಿದ್ದೆಯಾದರೂ ಬಂದೀತು ಎಂದುಕೊಂಡು ಅವನು ಅಂಗಡಿಗೆ ಬೀಗ ಜಡಿದ.

ಬಂದೂಕಿನ ಅಂಗಡಿಯವನು ಮಗುವಿಗೆ ಚಪ್ಪಲಿ ತೋರಿಸುವವನಂತೆ ಪುಟ್ಟ ಪಿಸ್ತೂಲೊಂದನ್ನು ಬಟ್ಟೆಯ ಮೇಲಿಟ್ಟ.

"ಅಂಗೈಯಷ್ಟೂ ಇಲ್ಲ ನೋಡಿ ಯಜಮಾನ್ರೆ. ಒಂದು ಗುಂಡು ಹೋದ ಕೂಡ್ಲೆ ಇನ್ನೊಂದು ತಾನಾಗೇ ಬಂದು ಕೂತ್ಕೊಳ್ಳತ್ತೆ. ಹಿಡಿದು ನೋಡಿ."

ಬೀಗದವನು ಹಿಡಿದ. ಪಿಸ್ತೂಲು ಗಡಗಡ ಅದುರುತ್ತ ಮೊದಲು ಗೋಡೆಯ ಗಡಿಯಾರದ ಕಡೆಗೆ, ಆಮೇಲೆ ಅಂಗಡಿಯವನ ಹೊಟ್ಟೆಯ ಕಡೆಗೆ ತಿರುಗಿತು.

"ಖಾಲಿ ಇದೆ, ಆದ್ರೂ ಕೆಳಗಿಡಿ," ಎಂದ ಅಂಗಡಿಯವನು, ಮೇಜಿನ ಹಿಂದೆ ಕುಕ್ಕರಿಸಿ. "ಮೊದ್ಲು ಲೈಸೆನ್ಸ್ ತನ್ನಿ. ಒಳ್ಳೆಯವನು ಅಂತ ಮೂರು ಜನ ನೆರೆಯವ್ರ ಸಹಿ ಬೇಕಾಗತ್ತೆ."

ಎದುರುಮನೆ ದರ್ಜಿ ಓದದೆಯೇ ಸಹಿ ಹಾಕಿದ. "ನಿಮಗಲ್ದೆ ಇನ್ಯಾರಿಗೆ ಹಾಕ್ಲಿ ಅಣ್ಣ?" ಎನ್ನುತ್ತ ಕತ್ತರಿಯನ್ನು ತನ್ನ ಕಡೆಗೆ ಎಳೆದುಕೊಂಡ. ಪಕ್ಕದ ಗಿರಣಿಯಕ್ಕ ಹಿಟ್ಟಿನ ಕೈಯಲ್ಲೇ ಗೀಚಿದಳು, ಒಳಗೆ ಕರೆಯಲಿಲ್ಲ. ಮೂಲೆಮನೆಯ ನಿವೃತ್ತ ಮೇಷ್ಟ್ರು ಕಿಟಕಿಯ ಸರಳಿನ ಸಂದಿನಿಂದ ಕಾಗದ ಇಸಿದುಕೊಂಡು, 'ಬಹಳ ಒಳ್ಳೆಯವನು' ಎಂದು ಎರಡು ಸಲ ಬರೆದು ಕೆಳಗೆ ಗೆರೆ ಎಳೆದರು.

"ಸಾಕೇನಪ್ಪ? ಇನ್ನೊಂದ್ಸಲ ಬರೀಲಾ?"

ಬೀಗದವನ ಕಣ್ಣು ತೇವವಾಯಿತು. ಇಂಥ ನೆರೆಹೊರೆ ಇರುವಾಗ ಪಿಸ್ತೂಲು ಯಾಕೆ ಎಂದೂ ಒಂದು ಗಳಿಗೆ ಅನ್ನಿಸಿತು.

ಲೈಸೆನ್ಸ್ ಕಚೇರಿಯ ಗುಮಾಸ್ತ ಅರ್ಜಿಯ ಮೇಲೆ ಬೆರಳಿಟ್ಟ. "'ಯಾರಿಂದ ಭಯ' ಅನ್ನೋದನ್ನ ಖಾಲಿ ಬಿಟ್ಟಿದ್ದೀಯಲ್ಲಯ್ಯ?"

"ಕಳ್ಳನ ಹೆಸರು ಗೊತ್ತಿಲ್ಲ ಸ್ವಾಮಿ."

"ಹೆಸರಿಲ್ದೆ ಆಗಲ್ಲ. ನಿಮ್ಮ ಬೀದಿಯವ್ರೇ ಮೂರು ಜನ ಎಷ್ಟು ನೀಟಾಗಿ ತುಂಬಿದ್ರು! ಹೋದ ವಾರ ಮೂರೂ ಜನ ಪಿಸ್ತೂಲು ತಗೊಂಡೂ ಆಯ್ತು. ಕೇಳಿಸ್ಕೊ, ಇದು ಗಿರಣಿಯವಳದು."

ಗುಮಾಸ್ತ ಕಡತ ಬಿಚ್ಚಿ ಗಟ್ಟಿಯಾಗಿ ಓದಿದ: "'ಪಕ್ಕದ ಮನೆ ಬೀಗದವನಿಂದ ಭಯ. ನನ್ನ ಮೊಮ್ಮಗು ಒಳಗಿನಿಂದ ಬೀಗ ಹಾಕಿಕೊಂಡು ಅಳುತ್ತಿದ್ದಾಗ ಇವನು ಎರಡೇ ನಿಮಿಷದಲ್ಲಿ ಬಾಗಿಲು ತೆಗೆದ. ದುಡ್ಡೂ ಮುಟ್ಟಲಿಲ್ಲ. ಅವತ್ತಿನಿಂದ ನನಗೆ ನಿದ್ದೆ ಇಲ್ಲ.'"

ಓದುತ್ತ ಓದುತ್ತ ಅವನ ದನಿ ಇಳಿಯಿತು. ದರ್ಜಿಯದು, ಮೇಷ್ಟ್ರದು ಉಳಿದೆರಡು ಕಡತ ಬಿಚ್ಚಿದ. ಅವುಗಳಲ್ಲೂ ಬೀಗದವನೇ.

"ನಾನಂದ್ರೆ ಭಯ ಇದ್ರೆ ಇವತ್ತು ಒಳ್ಳೆಯವನು ಅಂತ ಯಾಕೆ ಬರೆದುಕೊಟ್ರು ಸ್ವಾಮಿ?"

"ಬರೀದಿದ್ರೆ ಏನ್ಮಾಡ್ತೀರೋ ಅಂತ!" ಗುಮಾಸ್ತ ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಸರಿಸಿ, ದೂರದಿಂದಲೇ ಕೈಚಾಚಿ ಅರ್ಜಿಯ ಮೇಲೆ ಕೆಂಪು ಮುದ್ರೆ ಒತ್ತಿದ. "ಮೂರು ಜನ ಯಾರಿಗೆ ಹೆದರ್ತಾರೋ ಅವ್ರಿಗೆ ಲೈಸೆನ್ಸ್ ಕೊಡಕ್ಕಾಗಲ್ಲ. ತಪ್ಪು ತಿಳ್ಕೋಬೇಡಿ ಅಣ್ಣಾವ್ರೇ. ನನಗೂ ಹೆಂಡ್ತಿ ಮಕ್ಕಳಿದಾರೆ."

ಬೀಗದವನು ತನ್ನ ಬೀದಿಗೆ ತಿರುಗುವ ಹೊತ್ತಿಗೆ ಕತ್ತಲು ಕವಿಯುತ್ತಿತ್ತು. ಅವನು ಎರಡೂ ಕೈ ಮೇಲೆತ್ತಿಕೊಂಡು ನಡುಬೀದಿಯಲ್ಲಿ ನಡೆದ. ಕೈಗಳು ಬೆಳಗಿಗಿಂತ ಜೋರಾಗಿ ನಡುಗುತ್ತಿದ್ದವು.

"ನಾನೇ ಕಣ್ರೀ," ಎಂದು ಕೂಗಿದ. "ನಮ್ಮನೆಗೇ ಹೋಗ್ತಿದ್ದೀನಿ!"

ಆ ಬೀದಿಯ ಪ್ರತಿ ಬೀಗದ, ಪ್ರತಿ ಚಿಲಕದ ಸದ್ದನ್ನೂ ಅವನ ಕಿವಿ ಬಲ್ಲದು. ಮೂರು ಬಾಗಿಲುಗಳ ಹಿಂದೆ ಒಂದಾದ ಮೇಲೊಂದು ಕೇಳಿಬಂದ ಸಣ್ಣ 'ಟಕ್' ಮಾತ್ರ ಯಾವ ಬೀಗದ್ದೂ ಆಗಿರಲಿಲ್ಲ.