ಹುಬ್ಬಳ್ಳಿ ಮೇಲಿಂದ ಹೋದ ಫೋಟೊ

ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ನನಗಾಗದು. ಮೂವತ್ತು ವರ್ಷ ಪತ್ರಿಕೆಯಲ್ಲಿ ದುಡಿದವನ ರೋಗವಿದು. ಯಾರಾದರೂ ಮದುವೆಗೆ ಕರೆಯಲು ಬಂದು ಹುಡುಗನ ಅಜ್ಜನಿಂದ ಶುರು ಮಾಡಿದರೆ, ಮನಸ್ಸಿನಲ್ಲೇ ಮೊದಲ ಎರಡು ಪ್ಯಾರಾ ಹೊಡೆದುಹಾಕಿಬಿಡುತ್ತೇನೆ. ಕಳೆದ ವಾರದಿಂದ ಈ ವಿಷಯದಲ್ಲಿ ಸ್ವಲ್ಪ ತಣ್ಣಗಾಗಿದ್ದೇನೆ.

ಮುಂಬಯಿಯ ಬಾಂದ್ರಾದಲ್ಲಿರುವ ನಮ್ಮ ಪತ್ರಿಕೆಯ ಕಚೇರಿಗೆ ಈಚೆಗೆ ಖಾಸಗಿ ನೆಟ್‌ವರ್ಕ್ ಲೈನ್ ಬಂದಿದೆ. ಶಾಖೆಗಳನ್ನೆಲ್ಲ ಹುಬ್ಬಳ್ಳಿಯ ಹೆಡ್ ಆಫೀಸಿಗೆ ಜೋಡಿಸುವ ಲೈನು; ಹೊರಗಿನವರು ಅದರೊಳಗೆ ಕಾಲಿಡುವಂತಿಲ್ಲ. ಭದ್ರವೇನೋ ಹೌದು. ಆದರೆ ಅಂದಿನಿಂದ ನಾವು ಪುಟಗಳನ್ನು ಇಡುವ ಕ್ಲೌಡ್ ಮಂಪರಿಗೆ ಬಿದ್ದಂತಿತ್ತು.

ಅಂಥದರಲ್ಲಿ ಘಾಟ್ಕೋಪರಿನ ಪಾಟೀಲ ಕಾಕಾ ಬಂದರು. ವಿಜಯಪುರದ ಕಡೆಯವರು, ಬಟ್ಟೆ ವ್ಯಾಪಾರ. ಮರುದಿನ ಅವರ ಹೆಂಡತಿಯ ಮೊದಲ ಪುಣ್ಯತಿಥಿ. ಫೋಟೊ ನಾಳೆಯ ಪತ್ರಿಕೆಯಲ್ಲೇ ಬರಬೇಕು. ಪುಟ ಮುಚ್ಚುವುದು ಸಂಜೆ ಐದಕ್ಕೆ. ನಾಲ್ಕೂಕಾಲಿಗೆ ಕಳಿಸಿದ ಫೋಟೊ ಅರ್ಧಕ್ಕೆ ನಿಂತು, ಪರದೆಯ ಮೇಲೆ ಚಕ್ರ ತಿರುಗತೊಡಗಿತು.

“ಊರಿಗೆ ಹೊಂಟಾಗೂ ನಮ್ಮಾಕಿ ಹಿಂಗ ರೀ,” ಎಂದರು ಕಾಕಾ. “ಬಾಗಲದಾಗ ಅರ್ಧಾ ತಾಸು ನಿಲ್ಲಾಕಿ.”

ನೆಟ್‌ವರ್ಕ್ ನೋಡಿಕೊಳ್ಳುವ ಪ್ರಶಾಂತ ಮುಂಬಯಿಯಲ್ಲೇ ಹುಟ್ಟಿ ಬೆಳೆದವನು. “ಸರ್, ಕ್ಲೌಡ್ ಇಲ್ಲೇ ಮುಂಬಯಿಯಲ್ಲೇ ಉಂಟು. ಲೇಕಿನ್ ನಮ್ದು ಫೈಲ್ ಪಹಲೇ ಹುಬ್ಬಳ್ಳಿಗೆ ಹೋಗ್ತದೆ, ಫಿರ್ ವಾಪಸ್ ಇಲ್ಲಿಗೆ. ಈ ಟೈಮಿಗೆ ಎಲ್ಲಾ ಬ್ರಾಂಚಿನವರೂ ಅಲ್ಲಿ ಕ್ಯೂ ನಿಲ್ತಾರೆ.”

“ನೇರ ದಾರಿ ಇಲ್ಲವೇ?”

“ಉಂಟಲ್ಲ! ನಮ್ಮ ಲೈನಿನಿಂದ ಇಲ್ಲೇ ಕ್ಲೌಡಿಗೆ ಕನೆಕ್ಷನ್ ರೆಡಿ ಉಂಟು. ಹೆಡ್ ಆಫೀಸಿನವರು ಚಾಲೂ ಮಾಡ್ಲಿಕ್ಕೆ ಬಿಡೂದಿಲ್ಲ.”

ಹುಬ್ಬಳ್ಳಿಗೆ ಫೋನ್ ಮಾಡಿದೆ. “ಮೊದಲಿಂದ ಎಲ್ಲಾ ಇಲ್ಲಿಂದನ ಹೋಗತಾವ್ರಿ,” ಎಂದಿತು ಆ ಕಡೆಯ ದನಿ. ಅದಕ್ಕೆ ನಾನು ಕೊಟ್ಟ ಉತ್ತರ ಅಚ್ಚಿಗೆ ಯೋಗ್ಯವಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಒಪ್ಪಿಗೆ ಬಂತು. ಪ್ರಶಾಂತ ದಾರಿ ತೆರೆದ. ಕಾಕಾ ಚಹಾದ ಕಪ್ಪು ಕೆಳಗಿಡುವುದರೊಳಗೆ ಫೋಟೊ ಪುಟದಲ್ಲಿ ಕೂತಿತ್ತು.

ಕಾಕಾ ಪರದೆಯನ್ನೇ ನೋಡಿದರು. “ಮುಟ್ಟಿದ್ಳು,” ಎಂದರು.

ನನ್ನ ಮನೆಯೂ ಘಾಟ್ಕೋಪರಿನಲ್ಲೇ. ಇಬ್ಬರೂ ಒಟ್ಟಿಗೆ ಹೊರಟೆವು. ನೇರ ದಾರಿಯೆಂದು ಕಾಕಾ ಕುರ್ಲಾ ಬಸ್ಸಿನತ್ತ ತಿರುಗಿದರು. ನಾನು ದಿನದ ರೂಢಿಯಂತೆ ಅವರನ್ನೂ ಲೋಕಲ್ ರೈಲು ಹತ್ತಿಸಿ, ಮಾಟುಂಗ ರೋಡಿನಲ್ಲಿ ಇಳಿಸಿ, ನಡೆಸಿಕೊಂಡು ಹೋಗಿ ನನ್ನ ಹಳೆಯ ಉಡುಪಿ ಹೋಟೆಲಿನಲ್ಲಿ ಕೂರಿಸಿದೆ. ಅದರ ಎದುರಿಗೇ ಒಂದು ಕಾಲಕ್ಕೆ ನಮ್ಮ ಪ್ರೆಸ್ ಇತ್ತು. ಅಚ್ಚಿಗೆ ಹೋಗುವ ಪುಟಗಳ ಫಿಲ್ಮನ್ನು ಸುರುಳಿ ಸುತ್ತಿ, ಲೋಕಲ್‌ನಲ್ಲಿ ಮಗುವಿನ ಹಾಗೆ ತಲೆಯ ಮೇಲೆತ್ತಿ ಹಿಡಿದು ತರುತ್ತಿದ್ದೆ. “ಪೇಪರ್‌ವಾಲೇ ಕೋ ಉತರ್‌ನೇ ದೋ” ಎಂದು ಜನ ತಾವೇ ಸರಿದು ದಾರಿ ಬಿಡುತ್ತಿದ್ದರು. ಯಂತ್ರದ ಸದ್ದು ಶುರುವಾಗಿ ಈ ಮೇಜಿನ ಲೋಟಗಳು ಸಣ್ಣಗೆ ನಡುಗಿದ ಮೇಲೆಯೇ ನನಗೆ ಕಾಫಿ ರುಚಿಸುತ್ತಿತ್ತು.

“ಬಸ್ಸಿನಾಗ ಹೋಗಿದ್ರ ಇಷ್ಟೊತ್ತಿಗೆ ಮನಿ ಮುಟ್ಟತಿದ್ವಿ,” ಎಂದರು ಕಾಕಾ. “ದಿನಾ ಹಿಂಗ ಬರತೀರಿ? ಇಲ್ಲೇನ ಕೆಲಸ ಐತ್ರಿ?”

“ಎದುರಿಗೆ ಪ್ರೆಸ್ ಇತ್ತು.”

“ಈಗ?”

“ಸೀರೆ ಅಂಗಡಿ. ಹದಿನೈದು ವರ್ಷವಾಯಿತು.”

ಕಾಕಾ ಅಂಗಡಿಯನ್ನು ನೋಡಿದರು, ನನ್ನನ್ನು ನೋಡಿದರು.

“ಹಂಗಾರ ಆ ಹುಬ್ಬಳ್ಳಿ ಮಂದಿಗೆ ಯಾಕ್ರೀ ಬೈದ್ರಿ?”

ನಾನು ಎರಡು ಕಾಫಿ ಹೇಳಿದೆ.